ಮಲೆನಾಡಿನ ಮಳೆಗೂ ನಿಲ್ಲುವ ಮೇಕಪ್: ಬಂಗು, ಕಣ್ಣಿನ ಕಪ್ಪು, ಕೆನ್ನೆಗೆ ಇಳಿಯುವ ಕಾಡಿಗೆ

ಪ್ರಶ್ನೆ: ನಾನು ತೀರ್ಥಹಳ್ಳಿಯವಳು, ವಯಸ್ಸು 34. ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗಿಬರುತ್ತೇನೆ. ಎರಡನೇ ಮಗು ಆದಮೇಲೆ ಎರಡೂ ಕೆನ್ನೆಯಲ್ಲಿ ಬಂಗು ಬಂದಿದೆ, ಬಲಗಡೆ ಸ್ವಲ್ಪ ಜಾಸ್ತಿ. ಕಣ್ಣಿನ ಕೆಳಗೂ ಕಪ್ಪು. ಮುಚ್ಚೋಣ ಅಂತ ಫೌಂಡೇಷನ್ ಹಚ್ಚಿದರೆ ಮುಖ ಬೂದು ಬೂದಾಗಿ ಕಾಣುತ್ತದೆ. ಮಳೆಗಾಲದಲ್ಲಂತೂ ಮಂಡಗದ್ದೆ ದಾಟುವಷ್ಟರಲ್ಲಿ ಬೆವರಿ ಎಲ್ಲ ಕಲಸಿಹೋಗಿ, ಕಾಡಿಗೆ ಕೆನ್ನೆಗೆ ಇಳಿದಿರುತ್ತದೆ. ಬೆಳಗ್ಗೆ ನನಗೆ ಸಿಗೋದು ಹತ್ತೇ ನಿಮಿಷ. ತುಳಸಿ ಹಬ್ಬ ಕಳೆದ ಮೇಲೆ ನಾದಿನಿಯ ಮದುವೆ ಇದೆ. ಅದಕ್ಕೂ ನಾನೇ ಮೇಕಪ್ ಮಾಡಿಕೊಳ್ಳಬೇಕು ಅಂತಿದ್ದೇನೆ. ಏನು ಮಾಡಲಿ?

ಉತ್ತರ: ನೀವು ನಾಲ್ಕು ತೊಂದರೆ ಬರೆದಿದ್ದೀರಿ. ನನಗೆ ಕಾಣುವುದು ಮುಖ್ಯವಾಗಿ ಒಂದೇ. ಎರಡು ಕೆನ್ನೆಯ ಮೇಲಿನ ಕಲೆಗೋಸ್ಕರ ಇಡೀ ಮುಖ ಮುಚ್ಚಲು ಹೊರಟಿದ್ದೀರಿ. ಒಣ ಹವೆಯ ಊರಿನಲ್ಲಿ ಅದು ಹೇಗೋ ನಡೆದೀತು. ನಮ್ಮ ಮಲೆನಾಡಿನಲ್ಲಿ ನಡೆಯುವುದಿಲ್ಲ. ಇಲ್ಲಿ ಮುಖದ ಮೇಲೆ ಎಷ್ಟು ಕಡಿಮೆ ಇರುತ್ತದೋ ಅಷ್ಟು ಹೊತ್ತು ಅದು ನಿಲ್ಲುತ್ತದೆ. ಹಾಗಾಗಿ ನಾನು ಹೇಳುವುದೆಲ್ಲ ಒಂದೇ ದಿಕ್ಕಿನದು. ಕಲೆ ಇರುವ ಕಡೆ ಮಾತ್ರ ಮುಚ್ಚಿ, ಉಳಿದ ಮುಖವನ್ನು ಅದರ ಪಾಡಿಗೆ ಬಿಡಿ.

ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಬೆವರು ಆವಿಯಾಗಿ ಹೋದರೆ ಮೈ ತಣ್ಣಗಾಗುತ್ತದೆ, ಮುಖವೂ ಒಣಗುತ್ತದೆ. ಗಾಳಿಯಲ್ಲೇ ತೇವ ತುಂಬಿದ್ದರೆ ಬೆವರು ಹೋಗುವುದು ಎಲ್ಲಿಗೆ? ಚರ್ಮದ ಮೇಲೇ ಕೂರುತ್ತದೆ. ಮೇಕಪ್ಪಿನ ಅಡಿಯಿಂದ ಮೇಲೆದ್ದು ಅದನ್ನು ಸಡಿಲ ಮಾಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ನಿಮ್ಮೂರು ಅದೇ ತಾಲ್ಲೂಕಿನದು. ಶಿವಮೊಗ್ಗ ಪೇಟೆಗೆ ಬಂದರೆ ಮಳೆ ಎಷ್ಟೋ ಕಡಿಮೆ, ಬಿಸಿಲು ಜಾಸ್ತಿ. ಅಂದರೆ ನೀವು ದಿನಾ ಒಂದು ಹವೆಯಲ್ಲಿ ಮೇಕಪ್ ಮಾಡಿಕೊಂಡು ಇನ್ನೊಂದು ಹವೆಯಲ್ಲಿ ಇಳಿಯುತ್ತೀರಿ, ನಡುವೆ ಕಿಟಕಿ ಮುಚ್ಚಿದ ಬಸ್ಸಿನ ಸೆಕೆ. ಇದಕ್ಕೆಲ್ಲ ದಪ್ಪ ಫೌಂಡೇಷನ್ ತಡೆಯುವುದಿಲ್ಲ. ಅದರ ಬೆಲೆ ಎಷ್ಟೇ ಇರಲಿ.

ಇನ್ನೊಂದು ಸಂಗತಿ ಇದೆ. ಇದನ್ನು ಯಾವ ವಿಡಿಯೋದಲ್ಲೂ ಹೇಳುವುದಿಲ್ಲ, ಯಾಕೆಂದರೆ ಅದನ್ನು ಮಾಡುವವರ ಮನೆಯಲ್ಲಿ ಹಂಡೆ ಇಲ್ಲ. ನಮ್ಮ ಕಡೆ ಬಚ್ಚಲ ಒಲೆಗೆ ಉರಿ ಹಾಕಿ, ಹೊಗೆಯಾಡುವ ನೀರನ್ನೇ ತಲೆಯಿಂದ ಹೊಯ್ದುಕೊಂಡರೆ ಸ್ನಾನ ಆಯಿತು ಅನ್ನಿಸೋದು. ಸುಖ ಹೌದು. ಆದರೆ ಹಾಗೆ ಮಿಂದು ಬಂದ ಮೈ ಸುಮಾರು ಹೊತ್ತು ಬೆವರುತ್ತಲೇ ಇರುತ್ತದೆ. ಆ ಬೆವರಿನ ಮೇಲೆ ಹಚ್ಚಿದ್ದು ಬಸ್ ಸ್ಟ್ಯಾಂಡ್ ತನಕವೂ ಬರುವುದಿಲ್ಲ. ಹಂಡೆ ಸ್ನಾನ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಮೈಗೆ ಬಿಸಿನೀರು ಇರಲಿ, ಮುಖಕ್ಕೆ ಮಾತ್ರ ಕೊನೆಯಲ್ಲಿ ತಣ್ಣೀರು. ಮಿಂದು ಬಂದವರೇ ಕನ್ನಡಿ ಮುಂದೆ ನಿಲ್ಲಬೇಡಿ. ತಿಂಡಿ, ಮಕ್ಕಳ ಡಬ್ಬಿ, ಸೀರೆ ಎಲ್ಲ ಮುಗಿಸಿ, ಕೊನೆಯ ಹತ್ತು ನಿಮಿಷ ಮೇಕಪ್ಪಿಗೆ ಇಟ್ಟುಕೊಳ್ಳಿ. ಸಮಯ ಅಷ್ಟೇ, ಹಿಂದೆಮುಂದೆ ಮಾಡಿದ್ದು ಮಾತ್ರ.

ತಲೆಗೆ ಎಣ್ಣೆ ಹಚ್ಚುವ ಅಭ್ಯಾಸ ಇದ್ದರೆ ಅದನ್ನು ರಾತ್ರಿಗೆ ಹಾಕಿ. ಬೆಳಗ್ಗೆ ಹಚ್ಚಿದ ತೆಂಗಿನೆಣ್ಣೆ ಸೆಕೆಗೆ ಹಣೆ, ಕೆನ್ನೆಯ ಪಕ್ಕಕ್ಕೆ ಇಳಿಯುತ್ತದೆ. ಮೇಕಪ್ ಜಾರುವುದು ಒಂದು ಕಡೆ, ಕೂದಲಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುವುದು ಇನ್ನೊಂದು ಕಡೆ. ಹಣೆ ತುಂಬ ಮೊಡವೆ ಅಂತ ಬರುವ ಎಷ್ಟೋ ಹುಡುಗಿಯರಿಗೆ ನಾನು ಕೇಳುವ ಮೊದಲ ಪ್ರಶ್ನೆ ಎಣ್ಣೆಯದ್ದೇ.

ಈಗ ಬಂಗಿನ ವಿಷಯ. ಇದನ್ನು ಮೇಕಪ್ ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ. ಬಸಿರು, ಹೆರಿಗೆ, ಗರ್ಭನಿರೋಧಕ ಮಾತ್ರೆ ಇವುಗಳ ಹಾರ್ಮೋನಿನಿಂದ ಅದು ಏಳುತ್ತದೆ. ಏಳಿಸಿದ್ದು ಹಾರ್ಮೋನ್ ಆದರೆ ಅದನ್ನು ಗಾಢ ಮಾಡುವುದು ಬಿಸಿಲು. ಮಳೆಗಾಲದಲ್ಲಿ ಬಿಸಿಲೆಲ್ಲಿ ಅಂತ ನೀವು ಕೇಳಬಹುದು. ಮೋಡ ಇದ್ದರೂ ನೇರಳಾತೀತ ಕಿರಣಗಳ ಒಂದಷ್ಟು ಪಾಲು ಕೆಳಗೆ ಬಂದೇ ಬರುತ್ತದೆ. ಅದರಲ್ಲಿ ಯುವಿಎ ಅನ್ನುವ ಬಗೆ ಕಿಟಕಿಯ ಸಾದಾ ಗಾಜನ್ನೂ ದಾಟುತ್ತದೆ. ಬಲಗಡೆ ಜಾಸ್ತಿ ಅಂದಿರಲ್ಲ, ನೀವು ಬಸ್ಸಿನಲ್ಲಿ ಡ್ರೈವರ್ ಕಡೆಯ ಕಿಟಕಿ ಪಕ್ಕ ಕೂರುತ್ತೀರಾ? ತೀರ್ಥಹಳ್ಳಿಯಿಂದ ಶಿವಮೊಗ್ಗ ಈಶಾನ್ಯಕ್ಕೆ. ರಸ್ತೆ ಎಷ್ಟೇ ತಿರುವಿದರೂ ಬೆಳಗ್ಗೆ ಬಿಸಿಲು ಹೆಚ್ಚಾಗಿ ಬಲಗಡೆಯಿಂದ. ಸಂಜೆ ವಾಪಸ್ ಬರುವಾಗ ನೈಋತ್ಯಕ್ಕೆ ಬರುತ್ತೀರಿ, ಸೂರ್ಯ ಪಶ್ಚಿಮದಲ್ಲಿ, ಆಗಲೂ ಬಲಗಡೆಯೇ. ಕಾರಣ ಇದೊಂದೇ ಅಂತ ನಾನು ಹೇಳುವುದಿಲ್ಲ. ಆದರೂ ಹೋಗುವಾಗ, ಬರುವಾಗ ಎರಡೂ ಸಲ ಎಡಗಡೆ ಸೀಟು ಹಿಡಿಯಿರಿ. ದುಡ್ಡಿಲ್ಲದ ಸನ್‌ಸ್ಕ್ರೀನ್ ಅದು.

ದುಡ್ಡು ಕೊಟ್ಟು ಕೊಳ್ಳುವ ಸನ್‌ಸ್ಕ್ರೀನ್ ನಿಮ್ಮ ಮಟ್ಟಿಗೆ ಫೌಂಡೇಷನ್‌ಗಿಂತ ಮುಖ್ಯ. ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಶಕ್ತಿಯ ಅಳತೆ, 30 ಅಥವಾ ಅದಕ್ಕಿಂತ ಮೇಲಿನದು ಇರಲಿ. ಸಾಧ್ಯವಾದರೆ ಬಣ್ಣ ಇರುವುದನ್ನು, ಅಂದರೆ ಟಿಂಟೆಡ್ ಸನ್‌ಸ್ಕ್ರೀನ್ ಅನ್ನುವುದನ್ನು ಕೊಳ್ಳಿ. ಬಂಗನ್ನು ಕೆರಳಿಸುವುದು ನೇರಳಾತೀತ ಕಿರಣ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಅದನ್ನು ತಡೆಯುವ ಗುಣ ಐರನ್ ಆಕ್ಸೈಡ್ ಎಂಬ ಬಣ್ಣಕ್ಕಿದೆ. ಡಬ್ಬಿಯ ಹಿಂದೆ ಸಿಐ 77491, 77492, 77499 ಅಂತ ಸಂಖ್ಯೆ ಬರೆದಿದ್ದರೆ ಅವೇ ಐರನ್ ಆಕ್ಸೈಡ್‌ಗಳು. ಇದರಿಂದ ಇನ್ನೊಂದು ಲಾಭ ಇದೆ. ಬಿಳಿ ಸನ್‌ಸ್ಕ್ರೀನ್ ನಮ್ಮಂಥ ಗೋಧಿ ಬಣ್ಣದ, ಎಣ್ಣೆಗೆಂಪು ಬಣ್ಣದ ಮುಖದ ಮೇಲೆ ಬಿಳಿಚಿಕೊಂಡು ನಿಲ್ಲುತ್ತದೆ. ಬಣ್ಣದ್ದು ಹಾಗೆ ಕಾಣುವುದಿಲ್ಲ, ಮುಖದ ಬಣ್ಣವನ್ನು ಸ್ವಲ್ಪ ಒಂದೇ ಸಮ ಮಾಡಿ ಅರ್ಧ ಮೇಕಪ್ ಕೆಲಸ ಅಲ್ಲೇ ಮುಗಿಸುತ್ತದೆ. ಎಷ್ಟು ಹಚ್ಚಬೇಕು? ತೋರುಬೆರಳು, ಮಧ್ಯದ ಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು, ಮುಖ ಮತ್ತು ಕತ್ತಿಗೆ. ಅಷ್ಟನ್ನೂ ಒಂದೇ ಸಲ ಮೆತ್ತಬೇಡಿ. ಅರ್ಧ ಹಚ್ಚಿ, ಅದು ಕೂತಮೇಲೆ ಉಳಿದರ್ಧ. ಮೇಲೆ ಇನ್ನೇನಾದರೂ ಹಚ್ಚುವ ಮೊದಲು ಎರಡು ಮೂರು ನಿಮಿಷ ಬಿಡಿ. ಕಾಯದೆ ಉಜ್ಜಿದರೆ ಅದು ಸಣ್ಣ ಸಣ್ಣ ಉಂಡೆಯಾಗಿ ಎದ್ದು ಬರುತ್ತದೆ, ನೋಡಿರಬೇಕು ನೀವು.

ಬಂಗಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಟ್ಯೂಬ್‌ಗಳ ಬಗ್ಗೆ ಒಂದು ಮಾತು ಕಟುವಾಗಿಯೇ ಹೇಳಬೇಕು. ಪಕ್ಕದ ಮನೆಯವರು ಹೇಳಿದರು, ಹದಿನೈದು ದಿನದಲ್ಲಿ ಬೆಳ್ಳಗಾಯಿತು ಅಂತ ಹಚ್ಚಿಕೊಂಡು ಬರುವವರು ಇವತ್ತಿಗೂ ಇದ್ದಾರೆ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್ ಅಂತ ಹೆಸರು ಕಂಡರೆ ಅದು ಸ್ಟಿರಾಯ್ಡ್. ಇಂಥವನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಮೊದಮೊದಲು ಮುಖ ತಿಳಿಯಾಗುತ್ತದೆ ನಿಜ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನರಗಳು ಎದ್ದು, ಬಿಟ್ಟ ಕೂಡಲೇ ಉರಿ, ಮೊಡವೆ ಶುರುವಾಗುತ್ತದೆ. ಹೆಸರು ವಿಳಾಸ ಇಲ್ಲದ ಬೆಳ್ಳಗಾಗುವ ಕ್ರೀಮುಗಳಲ್ಲಿ ಪಾದರಸ ಇರುವುದೂ ಉಂಟು, ಅದು ಮೂತ್ರಪಿಂಡಕ್ಕೆ ಹೊಡೆತ. ಬಂಗಿಗೆ ಔಷಧ ಬೇಕೆಂದರೆ ಚರ್ಮದ ಡಾಕ್ಟರನ್ನೇ ಕಾಣಿ. ಹೇಗೂ ದಿನಾ ಶಿವಮೊಗ್ಗಕ್ಕೆ ಬರುತ್ತೀರಿ, ಮೆಗ್ಗಾನ್ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗ ಇದೆ. ಮಗುವಿಗೆ ಇನ್ನೂ ಹಾಲು ಕೊಡುತ್ತಿದ್ದರೆ ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ. ನಿಂಬೆಹಣ್ಣು ಉಜ್ಜುವುದು ಬೇಡ. ನಿಂಬೆ ರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನಷ್ಟು ಕಪ್ಪಾಗುತ್ತದೆ.

ಫೌಂಡೇಷನ್ ಬೂದು ಕಾಣುವುದಕ್ಕೆ ಬರೋಣ. ಕಂದು ಕಲೆಯ ಮೇಲೆ ಅದಕ್ಕಿಂತ ತಿಳಿಯಾದ ಬಣ್ಣ ಬಳಿದರೆ ಆ ಕಂದು ಒಳಗಿಂದ ಇಣುಕಿ, ಎರಡೂ ಸೇರಿ ಬೂದು ಆಗುತ್ತದೆ. ಇನ್ನೂ ಕಾಣುತ್ತಿದೆಯಲ್ಲ ಅಂತ ಮತ್ತೊಂದು ಪದರ ಹಾಕುತ್ತೀರಿ, ಬೂದು ಇನ್ನೂ ದಪ್ಪ ಆಗುತ್ತದೆ. ಇದಕ್ಕೆ ಉಪಾಯ ಬಿಳಿ ಅಲ್ಲ, ಕಿತ್ತಳೆ. ಬಂಗು, ಕಣ್ಣಿನ ಕೆಳಗಿನ ಕಪ್ಪು ಇವುಗಳಲ್ಲಿ ನೀಲಿ ಛಾಯೆ ಇರುತ್ತದೆ. ನೀಲಿಯನ್ನು ಕಿತ್ತಳೆ ಕಡಿಯುತ್ತದೆ. ಕಲರ್ ಕರೆಕ್ಟರ್ ಅಂತ ಪುಟ್ಟ ಡಬ್ಬಿ ಸಿಗುತ್ತದೆ. ಗೋಧಿ ಬಣ್ಣಕ್ಕೆ ಪೀಚ್, ಅದಕ್ಕಿಂತ ಕಪ್ಪಿಗೆ ಕಿತ್ತಳೆ. ಅಕ್ಕಿಕಾಳಿನಷ್ಟು ತೆಗೆದುಕೊಳ್ಳಿ. ಕಲೆಯ ಮೇಲೆ ಮಾತ್ರ ಇಟ್ಟು ಉಂಗುರ ಬೆರಳಿನಿಂದ ತಟ್ಟಿ. ಎಳೆಯಬೇಡಿ, ತಟ್ಟಿ ಅಷ್ಟೇ. ಮುಖ ಕಿತ್ತಳೆ ಕಂಡಿತಾ? ಹಾಗಾದರೆ ಜಾಸ್ತಿ ಹಾಕಿದಿರಿ. ಕಲೆ ಪೂರ್ತಿ ಮಾಯ ಆಗಬಾರದು, ಅದರ ಕಪ್ಪು ಒಡೆದು ಮಸುಕಾದರೆ ಸಾಕು. ಅದರ ಮೇಲೆ ನಿಮ್ಮ ಬಣ್ಣದ್ದೇ ಕನ್ಸೀಲರ್, ಅಂದರೆ ಕಲೆ ಮುಚ್ಚುವ ಕ್ರೀಮ್, ಒಂದು ತೆಳು ಪದರ, ಅದನ್ನೂ ಕಲೆಯ ಮೇಲೆ ಮಾತ್ರ. ಅಂಚನ್ನು ಮಾತ್ರ ಸುತ್ತಲಿನ ಚರ್ಮಕ್ಕೆ ಸೇರಿಸಿಬಿಡಿ. ಹತ್ತಿರ ಬಂದು ನೋಡಿದವರಿಗೆ ಬಂಗು ಸ್ವಲ್ಪ ಕಂಡೀತು. ಕಾಣಲಿ. ಮೂರಡಿ ದೂರದಿಂದ ಚರ್ಮ ಚರ್ಮದ ಹಾಗೆ ಕಾಣುವುದು ಮುಖ್ಯ.

ಶೇಡ್ ಆರಿಸುವಾಗ ಅಂಗಡಿಯವರ ಮಾತು ಕೇಳಬೇಡಿ. ಶಿವಮೊಗ್ಗದ ದುರ್ಗಿಗುಡಿಯಾಗಲಿ, ಗಾಂಧಿ ಬಜಾರಾಗಲಿ, ಎಲ್ಲ ಕಡೆ ಒಂದೇ ಮಾತು: 'ಒಂದು ಶೇಡ್ ಲೈಟ್ ತಗೊಳ್ಳಿ ಅಕ್ಕ, ಗ್ಲೋ ಬರುತ್ತೆ.' ಗ್ಲೋ ಬರುವುದಿಲ್ಲ, ಬೂದಿ ಬರುತ್ತದೆ. ಈ ಬೆಳ್ಳಗಿನ ಹುಚ್ಚು ನಮ್ಮನ್ನು ಯಾವತ್ತು ಬಿಡುತ್ತದೋ. 'ಫೇರ್ ಅಂಡ್ ಲವ್ಲಿ' ಕ್ರೀಮಿನ ಹೆಸರು 2020ರಲ್ಲಿ ಬದಲಾಯಿತು, ಕೌಂಟರಿನ ಹಿಂದೆ ನಿಂತವರ ಮಾತು ಬದಲಾಗಲಿಲ್ಲ. ಶೇಡನ್ನು ಕೈಯ ಮೇಲೆ ಹಚ್ಚಿ ನೋಡುವುದೂ ಸರಿಯಲ್ಲ, ಕೈಯ ಬಣ್ಣವೇ ಬೇರೆ. ದವಡೆಯಿಂದ ಕತ್ತಿನ ಕಡೆಗೆ ಮೂರು ಶೇಡಿನ ಮೂರು ಗೆರೆ ಎಳೆಯಿರಿ. ಅಂಗಡಿಯ ಎಲ್‌ಇಡಿ ದೀಪದ ಕೆಳಗೆ ನೋಡದೆ ಹೊರಗೆ ಬಂದು, ಹಗಲು ಬೆಳಕಿನಲ್ಲಿ ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಕಾಣದೆ ಹೋದ ಗೆರೆ ನಿಮ್ಮದು. ಆಗಲೂ ಕೊಳ್ಳಬೇಡಿ, ಹತ್ತು ಹದಿನೈದು ನಿಮಿಷ ಬೇರೆ ಕೆಲಸ ಮುಗಿಸಿ ಬನ್ನಿ. ಕೆಲವು ಫೌಂಡೇಷನ್ ಹಚ್ಚಿದ ಮೇಲೆ ಗಾಳಿ, ಚರ್ಮದ ಜಿಡ್ಡು ತಾಗಿ ಒಂದು ಛಾಯೆ ಗಾಢವಾಗುತ್ತದೆ. ನಮ್ಮಲ್ಲಿ ಹೆಚ್ಚಿನವರ ಚರ್ಮದಲ್ಲಿ ಹಳದಿ ಛಾಯೆ ಇರುವುದರಿಂದ ಗುಲಾಬಿ ಛಾಯೆಯ ಶೇಡ್ ಹೊಂದುವುದಿಲ್ಲ. ಬಾಟಲಿಯ ಮೇಲೆ ವಾರ್ಮ್ ಅಥವಾ ನ್ಯೂಟ್ರಲ್ ಅಂತ ಇದ್ದದ್ದನ್ನು ಮೊದಲು ನೋಡಿ. ಮನೆಯಲ್ಲಿರುವ ಹಳೆಯ ತಿಳಿ ಬಾಟಲಿಯನ್ನು ಎಸೆಯಬೇಕಿಲ್ಲ. ಅದೇ ಕಂಪನಿಯ, ಅದೇ ಬಗೆಯ ಗಾಢ ಶೇಡ್ ಒಂದು ತಂದು ಹನಿ ಹನಿಯಾಗಿ ಬೆರೆಸಿಕೊಳ್ಳಿ.

ಬೆಳಕಿನ ಮಾತು ಬಂತಲ್ಲ, ಮಲೆನಾಡಿನ ಹಳೇ ಮನೆಗಳಲ್ಲಿ ಒಳಗೆ ಕತ್ತಲು. ಕೋಣೆಯ ಮೂಲೆಯ ಕನ್ನಡಿಯಲ್ಲಿ ಟ್ಯೂಬ್‌ಲೈಟ್ ಹಾಕಿಕೊಂಡು ಮೇಕಪ್ ಮಾಡಿದರೆ ಕೈ ತಾನಾಗಿಯೇ ಜಾಸ್ತಿ ಹಾಕುತ್ತದೆ. ಜಗಲಿಯಲ್ಲೋ ಕಿಟಕಿ ಎದುರಿಗೋ ಕೂತುಕೊಳ್ಳಿ, ಬೆಳಕು ಮುಖದ ಮುಂದಿನಿಂದ ಬರಲಿ, ಪಕ್ಕದಿಂದ ಬೇಡ. ಅಂಗೈ ಅಗಲದ ಕನ್ನಡಿ ಇದ್ದರೂ ಸಾಕು. ಒಳಗಿನ ದೊಡ್ಡ ಕನ್ನಡಿಗಿಂತ ಅದೇ ಮೇಲು.

ಕಣ್ಣಿನ ಕೆಳಗಿನ ಕಪ್ಪಿಗೆ ಎಲ್ಲರಿಗೂ ಒಂದೇ ಮದ್ದಿಲ್ಲ. ಒಂದು ಪರೀಕ್ಷೆ ಮಾಡಿ. ಕನ್ನಡಿ ಹಿಡಿದು ಮುಖವನ್ನು ಬೆಳಕಿನ ಕಡೆಗೆ ಮೇಲೆತ್ತಿ. ಕಪ್ಪು ಮಾಯವಾಯಿತೇ? ಹಾಗಾದರೆ ಅದು ಬಣ್ಣವಲ್ಲ, ಗುಳಿಯ ನೆರಳು. ಅದಕ್ಕೆ ಪೀಚ್ ಬೇಕಿಲ್ಲ. ಗುಳಿಯ ಗೆರೆಯಲ್ಲಿ ಮಾತ್ರ ನಿಮ್ಮ ಬಣ್ಣಕ್ಕಿಂತ ಅರ್ಧ ಶೇಡ್ ತಿಳಿ ಕನ್ಸೀಲರ್ ಎಳೆದು ತಟ್ಟಿದರೆ ಆಯಿತು. ಮುಖ ಎತ್ತಿದರೂ ಕಪ್ಪು ಹಾಗೇ ಇದ್ದರೆ ಅದು ಚರ್ಮದ್ದೇ ಬಣ್ಣ, ಮೇಲೆ ಹೇಳಿದ ಪೀಚ್ ದಾರಿ ಹಿಡಿಯಿರಿ. ನಿದ್ದೆಗೆಟ್ಟು ಊದಿಕೊಂಡಿದ್ದರೆ ಯಾವ ಕನ್ಸೀಲರೂ ಊತ ಇಳಿಸುವುದಿಲ್ಲ, ತಣ್ಣೀರಿನ ಬಟ್ಟೆ ಒಂದೆರಡು ನಿಮಿಷ ಇಡಿ. ತ್ರಿಕೋನ ಬರೆದು ಕೆನ್ನೆ ತನಕ ಕನ್ಸೀಲರ್ ತುಂಬುವ ವಿಡಿಯೋಗಳಿವೆಯಲ್ಲ, ಅವು ಸ್ಟುಡಿಯೋ ದೀಪಕ್ಕೆ ಸರಿ. ತೀರ್ಥಹಳ್ಳಿ ಬಸ್ಸಿಗೆ ಬೇಡ. ಕಣ್ಣಿನ ಕೆಳಗಿನ ಚರ್ಮ ತೆಳು, ಅಲ್ಲಿ ಹೆಚ್ಚು ತುಂಬಿದಷ್ಟೂ ಗೆರೆಗೆರೆಯಾಗಿ ಬಿರಿಯುತ್ತದೆ.

ಇನ್ನು ನಿಲ್ಲಿಸುವ ವಿಷಯ. ನಮ್ಮ ಅಜ್ಜಿಯರು ಹಣೆಗೆ ಮೊದಲು ಮೇಣ ಹಚ್ಚಿ, ಅದರ ಮೇಲೆ ಕುಂಕುಮ ಒತ್ತುತ್ತಿದ್ದರು. ಗದ್ದೆ ಕೆಲಸದ ಬೆವರಿಗೂ ಕುಂಕುಮ ಇಳಿಯುತ್ತಿರಲಿಲ್ಲ. ಈಗಿನ ಪ್ರೈಮರ್ ಮಾಡುವುದೂ ಅದನ್ನೇ, ಕೆಳಗೊಂದು ಹಿಡಿತ ಕೊಡುವುದು. ಅಜ್ಜಿ ಮುಖ ತುಂಬ ಮೇಣ ಮೆತ್ತುತ್ತಿರಲಿಲ್ಲ ಅನ್ನುವುದನ್ನು ಗಮನಿಸಿ. ನಿಮಗೂ ಪ್ರೈಮರ್ ಬೇಕಿರುವುದು ಮೂಗಿನ ಪಕ್ಕ, ಹಣೆಯ ನಡುವೆ, ಬಂಗು ಇರುವ ಕೆನ್ನೆ ಇಷ್ಟಕ್ಕೇ. ಎಲ್ಲ ಆದಮೇಲೆ ಪೌಡರ್. ಇಲ್ಲಿ ಪೌಡರ್ ಅಂದರೆ ಟಾಲ್ಕಂ ಡಬ್ಬಿ ಅಲ್ಲ. ಅದು ಬೆಳ್ಳಗೆ ಕೂತು ಬೆವರಿಗೆ ಪಟ್ಟೆ ಪಟ್ಟೆಯಾಗುತ್ತದೆ. ಬಣ್ಣವಿಲ್ಲದ ಅಥವಾ ನಿಮ್ಮ ಶೇಡಿನ ಕಾಂಪ್ಯಾಕ್ಟ್ ಸಾಕು. ಪಫ್‌ನಲ್ಲಿ ತೆಗೆದು, ಕೈ ಹಿಂಬದಿಗೆ ಒಮ್ಮೆ ತಟ್ಟಿ ಉದುರಿಸಿ, ಆಮೇಲೆ ಮುಖಕ್ಕೆ ಒತ್ತಿ. ಒತ್ತಬೇಕು, ಸವರಬಾರದು.

ಬಸ್ಸಿನಿಂದ ಇಳಿದಾಗ ಮುಖ ತೇವ ಆಗಿರುತ್ತದೆ. ಆಗ ಕಾಂಪ್ಯಾಕ್ಟ್ ತೆಗೆದು ಸೀದಾ ಹಚ್ಚುವುದೇ ಬಹಳ ಜನ ಮಾಡುವ ಎಡವಟ್ಟು. ಒದ್ದೆ ಮೇಲೆ ಪೌಡರ್ ಬಿದ್ದರೆ ಹಿಟ್ಟು ಕಲಸಿದ ಹಾಗಾಗುತ್ತದೆ. ಮೊದಲು ಮೆತ್ತಗಿನ ಹತ್ತಿ ಕರ್ಚೀಫನ್ನು ಮುಖಕ್ಕೆ ಒತ್ತಿ ಹಿಡಿಯಿರಿ, ಒರೆಸಬೇಡಿ. ಒಂದೆರಡು ನಿಮಿಷ ಫ್ಯಾನಿನ ಗಾಳಿ ಸಿಕ್ಕರೆ ಒಳ್ಳೆಯದು. ಆಮೇಲೆ ಮೂಗು, ಹಣೆಗೆ ಮಾತ್ರ ಪೌಡರ್. ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಮ್ಮೆ. ದಿನವಿಡೀ ಅಲುಗದ ಮೇಕಪ್ ಈ ಹವೆಯಲ್ಲಿ ಇಲ್ಲ, ಎರಡು ಸಲ ಸರಿ ಮಾಡಿಕೊಂಡರೆ ಸಂಜೆ ತನಕ ಬರುವ ಮೇಕಪ್ ಇದೆ.

ಕಾಡಿಗೆ. ಇದರ ಬಗ್ಗೆ ಬರುವಷ್ಟು ದೂರು ಬೇರೆ ಯಾವುದಕ್ಕೂ ಬರುವುದಿಲ್ಲ. ವಾಟರ್‌ಪ್ರೂಫ್ ಅಂತ ಬರೆದದ್ದನ್ನೇ ತಂದೆ, ಆದರೂ ಇಳಿಯಿತು ಅನ್ನುತ್ತಾರೆ. ವಾಟರ್‌ಪ್ರೂಫ್ ಅಂದರೆ ನೀರಿಗೆ ಕರಗುವುದಿಲ್ಲ ಅಂತ ಮಾತ್ರ. ಜಿಡ್ಡಿಗೆ ಕರಗುತ್ತದೆ. ಕಣ್ಣಿನ ಕೆಳಗೆ ಕ್ರೀಮ್ ಹಚ್ಚಿ, ಸನ್‌ಸ್ಕ್ರೀನ್ ಹಚ್ಚಿ, ಮೇಲೆ ಚರ್ಮದ ಸ್ವಂತ ಜಿಡ್ಡು, ಇಷ್ಟೂ ಸೇರಿ ಕಾಡಿಗೆಯನ್ನು ಎಳೆದುಕೊಳ್ಳುತ್ತವೆ. ಅದಕ್ಕೇ ಕಾಡಿಗೆಗಿಂತ ಮೊದಲು ಕೆಳರೆಪ್ಪೆಯ ಅಂಚನ್ನು ಟಿಶ್ಯೂ ಮೂಲೆಯಿಂದ ಒತ್ತಿ ಜಿಡ್ಡು ತೆಗೆಯಿರಿ, ಚೂರು ಪೌಡರ್ ಒತ್ತಿ. ಒಳಗಿನ ಒದ್ದೆ ಗೆರೆಗೆ, ಅಂದರೆ ಕಣ್ಣೀರು ನಿಲ್ಲುವ ಜಾಗಕ್ಕೆ ಹಚ್ಚಿದ ಕಾಡಿಗೆ ನಿಲ್ಲುವುದಿಲ್ಲ. ಅದು ಇಳಿಯಲಿಕ್ಕೇ ಇರುವುದು. ನನ್ನ ಸಲಹೆ ಕೇಳಿದರೆ ಕೆಲಸದ ದಿನ ಕೆಳಗೆ ಕಾಡಿಗೆ ಬೇಡವೇ ಬೇಡ. ಮೇಲಿನ ರೆಪ್ಪೆಯ ಕೂದಲಿನ ಬುಡಕ್ಕೆ ಒತ್ತೊತ್ತಿ ಎಳೆಯಿರಿ, ಕಣ್ಣು ದೊಡ್ಡದಾಗಿ ಕಾಣುತ್ತದೆ, ಕಪ್ಪು ಕೆಳಗೆ ಇಳಿದು ಕಣ್ಣಿನ ಸುತ್ತಲಿನ ಕಪ್ಪಿಗೆ ಸೇರುವುದೂ ತಪ್ಪುತ್ತದೆ. ಕೆಳಗೂ ಬೇಕೇ ಬೇಕು ಅಂದರೆ ಹೊರಮೂಲೆಯಿಂದ ಮೂರನೇ ಒಂದು ಪಾಲು ಮಾತ್ರ ಎಳೆದು, ಅದರ ಮೇಲೆ ಅದೇ ಬಣ್ಣದ ಐಶ್ಯಾಡೋ ಪುಡಿಯನ್ನು ಸಣ್ಣ ಬ್ರಷ್‌ನಲ್ಲಿ ಒತ್ತಿ. ಕಪ್ಪಿಗಿಂತ ಗಾಢ ಕಂದು ಬಣ್ಣ ಇಳಿದರೂ ಅಷ್ಟು ಎದ್ದು ಕಾಣುವುದಿಲ್ಲ.

ಹರಳೆಣ್ಣೆ ದೀಪದ ಮಸಿ ಹಿಡಿದು ತುಪ್ಪದಲ್ಲಿ ಕಲಸಿದ ಮನೆ ಕಾಡಿಗೆ ಇಟ್ಟುಕೊಂಡವರು ಈಗಲೂ ಇದ್ದಾರೆ. ಆದರೆ ಅದು ಪೂರ್ತಿ ಜಿಡ್ಡೇ, ಬಸ್ಸಿಗೆ ಬರುವುದಿಲ್ಲ. ಮಕ್ಕಳ ಕಣ್ಣಿಗಂತೂ ಯಾವ ಕಾಡಿಗೆಯೂ ಬೇಡ. ದೃಷ್ಟಿಬೊಟ್ಟು ಬೇಕಿದ್ದರೆ ಪಾದಕ್ಕೆ ಇಡಿ.

ತುಟಿಯದ್ದು ಸುಲಭ. ಹಚ್ಚಿ, ಟಿಶ್ಯೂ ಕಚ್ಚಿ, ಟಿಶ್ಯೂ ಮೇಲಿಂದಲೇ ಚೂರು ಪೌಡರ್ ತಟ್ಟಿ, ಇನ್ನೊಮ್ಮೆ ತೆಳುವಾಗಿ ಹಚ್ಚಿ. ಚಳಿಗಾಲದಲ್ಲಿ ಮ್ಯಾಟ್ ಲಿಪ್‌ಸ್ಟಿಕ್ ತುಟಿಯನ್ನು ಒಡೆಯಿಸುತ್ತದೆ. ಅದಕ್ಕೆ ನಮ್ಮಲ್ಲೇ ಮದ್ದಿದೆ, ಮುರುಗಲ ತುಪ್ಪ. ಒಡೆದ ಹಿಮ್ಮಡಿಗೆ ಹಚ್ಚುವ ಅದೇ ಗಟ್ಟಿ ತುಪ್ಪ. ಬೆರಳ ತುದಿಯಲ್ಲಿ ಉಜ್ಜಿ ಕರಗಿಸಿ ರಾತ್ರಿ ತುಟಿಗೆ ಹಚ್ಚಿ ಮಲಗಿ. ಬೆಳಗ್ಗೆ ಒರೆಸಿ ಲಿಪ್‌ಸ್ಟಿಕ್ ಹಚ್ಚಿದರೆ ಸಿಪ್ಪೆ ಏಳುವುದಿಲ್ಲ. ಕೆನ್ನೆಗೆ ಬೇರೆ ಬ್ಲಶ್ ಕೊಳ್ಳಬೇಕೆಂದಿಲ್ಲ, ಅದೇ ಲಿಪ್‌ಸ್ಟಿಕ್ಕಿನ ಒಂದು ಚುಕ್ಕಿ ಬೆರಳಲ್ಲಿ ಹರಡಿದರೆ ಸಾಕು. ಬಂಗು ಇರುವಲ್ಲಿ ಬೇಡ, ಅದಕ್ಕಿಂತ ಮೇಲೆ, ಕೆನ್ನೆಮೂಳೆಯ ಹತ್ತಿರ. ಹುಬ್ಬಿಗೆ ಸುಮ್ನೆ ಬಾಚಿ, ಖಾಲಿ ಇರುವಲ್ಲಿ ಕಂದು ಪೆನ್ಸಿಲ್ಲಿನ ನಾಲ್ಕು ಗೀರು. ಕಪ್ಪು ಪೆನ್ಸಿಲ್ ಬೇಡ.

ನಿಮ್ಮ ಹತ್ತು ನಿಮಿಷಕ್ಕೆ ಇದನ್ನೆಲ್ಲ ಹೀಗೆ ಹೊಂದಿಸಿಕೊಳ್ಳಿ. ಮುಖ ತೊಳೆದು ಬೆವರು ಆರಿದ ಕೂಡಲೇ, ತಿಂಡಿಗೆ ಮೊದಲೇ, ಸನ್‌ಸ್ಕ್ರೀನ್ ಹಚ್ಚಿಬಿಡಿ. ಅದು ಕೂರುವಷ್ಟರಲ್ಲಿ ಮನೆ ಕೆಲಸ ಮುಗಿಯುತ್ತದೆ. ಆಮೇಲೆ ಕಲೆಗೆ ಪೀಚ್ ಮತ್ತು ಕನ್ಸೀಲರ್ ನಾಲ್ಕು ನಿಮಿಷ, ಪೌಡರ್ ಒಂದು ನಿಮಿಷ, ಕಣ್ಣು ಎರಡು, ಹುಬ್ಬು ತುಟಿ ಎರಡು. ಫೌಂಡೇಷನ್ ಇದರಲ್ಲಿ ಎಲ್ಲೂ ಬರಲಿಲ್ಲ, ನೋಡಿದಿರಾ? ಲಿಪ್‌ಸ್ಟಿಕ್ ಬಸ್ಸಿನಿಂದ ಇಳಿದಮೇಲೂ ಹಚ್ಚಬಹುದು. ಹೋಗುವ ಬಸ್ಸಿನಲ್ಲಿ ಕಣ್ಣಿನ ಪೆನ್ಸಿಲ್ ಮಾತ್ರ ಹಿಡಿಯಬೇಡಿ.

ಮದುವೆಗೆ ಫೌಂಡೇಷನ್ ಇರಲಿ, ತೆಳುವಾಗಿ. ಮನೆಯಂಗಳದ ಚಪ್ಪರದಲ್ಲಿ ಮದುವೆಯಾದರೆ ಮೇಲೆ ಏನು ಹಾಕಿದ್ದಾರೆ ಅಂತ ನೋಡಿಕೊಳ್ಳಿ. ಅಡಿಕೆ ಸೋಗೆಯಾದರೆ ತೊಂದರೆಯಿಲ್ಲ. ನೀಲಿ ಟಾರ್ಪಾಲು ಹಾಕಿದ್ದರೆ ಅದರ ಕೆಳಗೆ ಎಲ್ಲರ ಮುಖವೂ ಕಳೆಗುಂದುತ್ತದೆ. ಅಂಥ ಕಡೆ ತುಟಿ, ಕೆನ್ನೆಗೆ ಸ್ವಲ್ಪ ಬೆಚ್ಚಗಿನ ಬಣ್ಣ, ಇಟ್ಟಿಗೆ ಕೆಂಪು, ಹವಳದ ಬಣ್ಣ ಇರಲಿ. ತಣ್ಣನೆಯ ಗುಲಾಬಿ ಬೇಡ. ಕಲ್ಯಾಣ ಮಂಟಪವಾದರೆ ಫ್ಲ್ಯಾಶ್ ಫೋಟೋದ ಚಿಂತೆ. ಬಿಳಿ ಸನ್‌ಸ್ಕ್ರೀನಿನ ಟೈಟಾನಿಯಂ ಡೈಆಕ್ಸೈಡ್, ಎಚ್‌ಡಿ ಪೌಡರಿನ ಸಿಲಿಕಾ ಇವೆರಡೂ ಫ್ಲ್ಯಾಶ್ ಬೆಳಕನ್ನು ವಾಪಸ್ ಎಸೆದು, ಕಣ್ಣಿಗೆ ಸರಿಯಾಗಿ ಕಂಡ ಮುಖವನ್ನೂ ಫೋಟೋದಲ್ಲಿ ಬಿಳಿ ಮಾಡುತ್ತವೆ. ಹಿಂದಿನ ದಿನವೇ ಪೂರ್ತಿ ಮೇಕಪ್ ಮಾಡಿ, ಕತ್ತಲ ಕೋಣೆಯಲ್ಲಿ ಮೊಬೈಲ್ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆಸಿ ನೋಡಿ. ಹುಬ್ಬು ತೆಗೆಸುವುದು, ಬ್ಲೀಚ್, ಫೇಶಿಯಲ್ ಏನಿದ್ದರೂ ಮೂರು ನಾಲ್ಕು ದಿನ ಮೊದಲೇ ಮುಗಿಸಿ. ಬಂಗು ಇರುವ ಕೆನ್ನೆಗೆ ಬ್ಲೀಚ್ ಮುಟ್ಟಿಸಬೇಡಿ, ಕೆರಳಿದರೆ ಕಲೆ ಗಾಢವಾಗುತ್ತದೆ. ಹೊಸದಾಗಿ ತಂದ ಏನನ್ನೂ ಮದುವೆ ದಿನ ಮೊದಲ ಸಲ ಹಚ್ಚಬೇಡಿ. ಮೊದಲೇ ಮೊಣಕೈಯ ಒಳಬದಿಗೆ ಹಚ್ಚಿ ಎರಡು ದಿನ ನೋಡಿ.

ಧಾರೆ ಹೊತ್ತಿಗೆ ನೀವು ಹೋಮದ ಹೊಗೆಯ ಹತ್ತಿರವೇ ನಿಂತಿರುತ್ತೀರಿ, ನಾದಿನಿ ಮದುವೆ ಅಂದಮೇಲೆ ಅಳುವೂ ಬಂದೀತು. ಹಾಗಾಗಿ ಅವತ್ತೂ ಕೆಳರೆಪ್ಪೆ ಖಾಲಿ ಇರಲಿ. ಕಿವಿಗೆ ಹಾಕುವ ಹತ್ತಿ ಕಡ್ಡಿ ಎರಡು ಪರ್ಸಿನಲ್ಲಿಟ್ಟುಕೊಳ್ಳಿ. ಕಣ್ಣೀರನ್ನು ಸೆರಗಿನಿಂದ ಒರೆಸದೆ, ಕಡ್ಡಿಯನ್ನು ರೆಪ್ಪೆಯ ಅಂಚಿಗೆ ಹಿಡಿದರೆ ಅದೇ ಹೀರಿಕೊಳ್ಳುತ್ತದೆ. ಹಣೆಗೆ ಸ್ಟಿಕ್ಕರ್ ಇಡುವುದಾದರೆ ಒಂದು ಎಚ್ಚರಿಕೆ. ಕೆಲವು ಸ್ಟಿಕ್ಕರಿನ ಅಂಟಿನಲ್ಲಿರುವ ರಾಸಾಯನಿಕ ಆ ಜಾಗದ ಬಣ್ಣವನ್ನೇ ಕಳೆದು ಬಿಳಿ ಮಚ್ಚೆ ಮಾಡುತ್ತದೆ. ಇಟ್ಟಲ್ಲಿ ತುರಿಕೆಯೋ ತಿಳಿ ಬಣ್ಣವೋ ಕಂಡರೆ ಅವತ್ತೇ ಬಿಡಿ. ಆ ಮಚ್ಚೆಯನ್ನು ಇನ್ನೂ ದೊಡ್ಡ ಸ್ಟಿಕ್ಕರಿನಿಂದ ಮುಚ್ಚುವವರನ್ನು ನಾನು ಬಹಳ ನೋಡಿದ್ದೇನೆ. ಕತ್ತು, ಬೆನ್ನಿನ ಮೇಲೆ ಮಳೆಗಾಲದಲ್ಲಿ ಏಳುವ ಚಿಬ್ಬಿನ ಕಥೆಯೂ ಹಾಗೇ. ಅದು ಶಿಲೀಂಧ್ರದ ಸೋಂಕು, ಔಷಧಕ್ಕೆ ಹೋಗುತ್ತದೆ. ರವಿಕೆ ಬೆನ್ನು ಆಳ ಇದೆ ಅಂತ ಅದರ ಮೇಲೆ ಫೌಂಡೇಷನ್ ಬಳಿಯುವುದು ಬೇಡ. ಮದುವೆಗೆ ಇನ್ನೂ ದಿನ ಇರುವಾಗಲೇ ಡಾಕ್ಟರಿಗೆ ತೋರಿಸಿ. ಸೋಂಕು ಹೋದರೂ ಬಣ್ಣ ಸಮ ಆಗಲು ಕೆಲವು ವಾರ ಹಿಡಿಯುತ್ತದೆ.

ಮನೆಗೆ ಬಂದಮೇಲೆ ಎಷ್ಟೇ ಸುಸ್ತಾಗಿದ್ದರೂ ತೆಗೆದೇ ಮಲಗಿ. ಕಣ್ಣಿನ ವಾಟರ್‌ಪ್ರೂಫ್ ಬಣ್ಣ ಸೋಪಿಗೆ ಹೋಗುವುದಿಲ್ಲ, ಎಣ್ಣೆಗೆ ಹೋಗುತ್ತದೆ. ಹತ್ತಿಗೆ ಎರಡು ಹನಿ ತೆಂಗಿನೆಣ್ಣೆ ಹಾಕಿ ಕಣ್ಣು ಮುಚ್ಚಿ ರೆಪ್ಪೆ ಮೇಲೆ ಸ್ವಲ್ಪ ಹೊತ್ತು ಇಡಿ, ಮೆಲ್ಲಗೆ ಎಳೆಯಿರಿ. ಆಮೇಲೆ ಫೇಸ್‌ವಾಶ್‌ನಿಂದ ಪೂರ್ತಿ ತೊಳೆದುಬಿಡಿ. ಮೊಡವೆ ಏಳುವ ಮುಖವಾದರೆ ಎಣ್ಣೆ ಕಣ್ಣಿಗಷ್ಟೇ ಸೀಮಿತವಾಗಿರಲಿ, ಉಳಿದ ಮುಖಕ್ಕೆ ಮೈಸೆಲ್ಲಾರ್ ವಾಟರ್, ಅಂದರೆ ಮೇಕಪ್ ತೆಗೆಯಲೆಂದೇ ಸಿಗುವ ನೀರಿನಂಥ ದ್ರವ.

ಕೊನೆಯದು ಬೂಷ್ಟು. ಜುಲೈ ತಿಂಗಳಲ್ಲಿ ಚಪ್ಪಲಿ, ಬೆಲ್ಟು, ಬೀರುವಿನ ಸೀರೆಗೆ ಹಿಡಿಯುವ ಬೂಷ್ಟು ಮೇಕಪ್ ಸ್ಪಂಜನ್ನು ಬಿಡುತ್ತದೆಯೇ? ಒದ್ದೆ ಸ್ಪಂಜನ್ನು ಜಿಪ್ ಹಾಕಿದ ಚೀಲದಲ್ಲಿಟ್ಟರೆ ಒಳಗೆ ಕಪ್ಪು ಚುಕ್ಕಿ ಏಳುತ್ತದೆ, ಅದನ್ನೇ ಮರುದಿನ ಮೊಡವೆ ಮೇಲೆ ಒತ್ತುತ್ತೇವೆ. ಮಳೆಗಾಲದಲ್ಲಿ ಸ್ಪಂಜ್ ಬಿಟ್ಟು ಬೆರಳನ್ನೇ ಬಳಸಿ ಅನ್ನುವುದು ಅದಕ್ಕೇ. ಬ್ರಷ್‌ಗಳನ್ನು ವಾರಕ್ಕೊಮ್ಮೆ ಶಾಂಪೂ ನೀರಿನಲ್ಲಿ ತೊಳೆದು, ಕೂದಲು ಕೆಳಮುಖವಾಗಿ ಇರುವಂತೆ ಫ್ಯಾನಿನ ಗಾಳಿಗೆ ಒಣಗಿಸಿ. ಬಟ್ಟೆಯ ಜೊತೆ ಬಚ್ಚಲ ಒಲೆಯ ಮೇಲೆ ಒಣಹಾಕಬೇಡಿ, ಬಿಸಿಗೆ ಅಂಟು ಬಿಟ್ಟು ಕೂದಲು ಉದುರುತ್ತದೆ, ಹೊಗೆ ವಾಸನೆ ಬೇರೆ. ಒಣಗಿದ್ದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಬಾಕ್ಸಿನಲ್ಲಿ ಬರುವ ಸಿಲಿಕಾ ಪೊಟ್ಟಣದ ಜೊತೆ ಇಡಿ. ಮಕ್ಕಳ ಕೈಗೆ ಸಿಗದ ಹಾಗೆ ಮೇಲಿಡಿ. ಪ್ರತಿ ಡಬ್ಬಿಯ ಹಿಂದೆ ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರ ಇದೆಯೇ ನೋಡಿ. ಅದರೊಳಗೆ 6 ಎಂ, 12 ಎಂ ಅಂತ ಬರೆದಿರುತ್ತದೆ, ತೆರೆದಮೇಲೆ ಅಷ್ಟು ತಿಂಗಳು ಅಂತ. ತೆರೆದ ತಾರೀಖನ್ನು ಮಾರ್ಕರಿನಲ್ಲಿ ಅಲ್ಲೇ ಬರೆದಿಡಿ. ಮಸ್ಕಾರಾ ಆದರೆ ಮೂರು ತಿಂಗಳಿಗೆ ಎಸೆಯಿರಿ, ಅದನ್ನು ಅಕ್ಕ ತಂಗಿಯರ ಜೊತೆಗೂ ಹಂಚಿಕೊಳ್ಳಬೇಡಿ. ನಿಮ್ಮ ಈಗಿನ ಫೌಂಡೇಷನ್ ಬಾಟಲಿ ಎರಡನೇ ಹೆರಿಗೆಗಿಂತ ಮೊದಲು ತಂದದ್ದಾಗಿದ್ದರೆ ಶೇಡ್ ಬೆರೆಸುವ ಯೋಚನೆ ಬಿಟ್ಟು ಮದುವೆಗೆ ಹೊಸದನ್ನೇ ಕೊಳ್ಳಿ.